ನೆಲ್ಲಿಹಳ್ಳದ ದೊಡ್ಡಿಗೆ ತಲುಪದ ಕಾಗದ

ಹೌದು, ಆ ಮೂರು ಲಕೋಟೆಗಳ ಮೇಲೆ ಕೆಂಪು ಶಾಯಿಯಲ್ಲಿ ‘ಈ ವಿಳಾಸದಲ್ಲಿ ಯಾರೂ ವಾಸವಿಲ್ಲ, ವಾಪಸ್’ ಎಂದು ಬರೆದವನು ನಾನೇ. ಹೋಗಿ ನೋಡಿ ಬರೆದದ್ದಲ್ಲ. ನಮ್ಮೂರ ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು, ಎಲೆ ಅಡಿಕೆ ಅಗಿಯುತ್ತಾ ಬರೆದದ್ದು. ಆಮೇಲೆ, ‘ಹೋಗಿ ನೋಡಿಯೇ ಬರೆದೆ’ ಎಂದು ಅಧಿಕಾರಿಯ ಮುಂದೆ ಕೈಕಟ್ಟಿ ನಿಂತು ಹೇಳಿದವನೂ ನಾನೇ.

ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೊರಟರೆ ನಡುವೆ ಎಲ್ಲೋ ತಪ್ಪಿಸಿಕೊಂಡುಬಿಡುತ್ತೇನೆ — ತಪ್ಪಿಸಿಕೊಳ್ಳುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ.

ನನ್ನ ಹೆಸರು ಚಿಕ್ಕಲಿಂಗೇಗೌಡ. ಆ ಹೆಸರು ಹಿಡಿದು ಕೇಳಿದರೆ ನಮ್ಮೂರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ‘ಪೋಸ್ಟಪ್ಪ’ ಅನ್ನಬೇಕು. ಮಳವಳ್ಳಿ ತಾಲ್ಲೂಕಿನಲ್ಲಿ, ಕಾಡಿಗೆ ಅಂಟಿಕೊಂಡಿರುವ ಊರು ನಮ್ಮದು. ಮೂವತ್ತೆಂಟು ವರ್ಷ ಸೈಕಲ್ಲಿನಲ್ಲಿ ಸುತ್ತಮುತ್ತಲ ಹಳ್ಳಿಗಳಿಗೆ ಕಾಗದ ಹಂಚಿದೆ. ಯಾರ ಮನೆಗೆ ಯಾವ ಕಡೆಯಿಂದ ಬಾಗಿಲು, ಯಾರ ಮನೆ ನಾಯಿ ಕಚ್ಚುತ್ತದೆ, ಯಾವ ಮುದುಕಿಗೆ ಕಾಗದ ಓದಿ ಹೇಳಬೇಕು, ಯಾವ ಸೊಸೆಯ ಕಾಗದವನ್ನು ಅತ್ತೆಯ ಕೈಗೆ ಕೊಡಬಾರದು — ಎಲ್ಲ ನನ್ನ ತಲೆಯಲ್ಲಿತ್ತು. ‘ನಮ್ ಪೋಸ್ಟಪ್ಪ ಒಂದ್ ಕಾರ್ಡೂ ಕಳ್ದಿಲ್ಲ’ ಎಂದು ಜನ ಹೇಳುತ್ತಿದ್ದರು. ಅದು ಸುಳ್ಳಲ್ಲ. ನಾನು ಕಾರ್ಡು ಕಳೆದಿಲ್ಲ. ನಾನು ಕಳೆದದ್ದು ಹನ್ನೆರಡು ಗುಡಿಸಲಿನ ಒಂದು ಊರು.

ನೆಲ್ಲಿಹಳ್ಳದ ದೊಡ್ಡಿ ಅದರ ಹೆಸರು. ಕಾಡಿನ ಜನ ಇರುಳಿಗರ ಹಟ್ಟಿಯನ್ನು ನಮ್ಮ ಕಡೆ ದೊಡ್ಡಿ ಎನ್ನುತ್ತಾರೆ. ಕಾಡಿನೊಳಗೆ, ನಮ್ಮೂರ ಅಂಚಿನ ಕಾಡಿನ ಗೇಟಿನಿಂದ ಎರಡು ಗಂಟೆಯ ಕಾಲುದಾರಿ. ಸೈಕಲ್ಲು ಹೋಗುವುದಿಲ್ಲ. ನಡುವೆ ಒಂದು ಹಳ್ಳ ದಾಟಬೇಕು, ಅದರ ಆಚೆ ದಿಣ್ಣೆ ಹತ್ತಿದರೆ ಗುಡಿಸಲುಗಳು, ಸ್ವಲ್ಪ ರಾಗಿ ಹೊಲ, ಅವರ ಹಿರಿಯರ ಗೋರಿಗಳು. ಹೀಗೆಲ್ಲ ನಾನು ವರ್ಣಿಸುತ್ತೇನಲ್ಲ, ಕೇಳಿ ತಿಳಿದದ್ದು ಅಷ್ಟೆ. ಆ ದಿಣ್ಣೆಯನ್ನು ನಾನು ಒಮ್ಮೆಯೂ ಹತ್ತಿದವನಲ್ಲ.

ಹಾಗಾದರೆ ಆ ದೊಡ್ಡಿಯ ಕಾಗದಗಳನ್ನು ಏನು ಮಾಡುತ್ತಿದ್ದೆ ಎಂದು ಕೇಳುತ್ತೀರಿ. ನನಗಿಂತ ಹಿಂದಿನ ಪೋಸ್ಟಪ್ಪ ಏನು ಮಾಡುತ್ತಿದ್ದನೋ ಅದನ್ನೇ. ಸಂತೆಯ ದಿನ ಅವರು ಜೇನು, ಸೀಗೆಕಾಯಿ, ಬಿದಿರಿನ ಮಂಕರಿ ಹೊತ್ತು ಹೊರಗೆ ಬರುತ್ತಿದ್ದರು. ಟೀ ಅಂಗಡಿಯ ಮುಂದೆ ನಿಂತು ನಾನು ಕೂಗುತ್ತಿದ್ದೆ, “ಯಾರ್ಲಾ ನೆಲ್ಲಿಹಳ್ಳದೋರು?” ಅವರಲ್ಲಿ ಯಾರೋ ಒಬ್ಬರು ಬಂದು ದೊಡ್ಡಿಯ ಕಾಗದವನ್ನೆಲ್ಲ ಸೆರಗಿಗೋ ಟವಲಿಗೋ ಕಟ್ಟಿಕೊಂಡು ಹೋಗುತ್ತಿದ್ದರು. ಹೆಚ್ಚಾಗಿ ಬರುತ್ತಿದ್ದವಳು ಮಾದಮ್ಮ. ಅವಳ ಗಂಡ ಜಡೆಮಾದ ದೊಡ್ಡಿಯ ಯಜಮಾನ, ಕಾಗದ ಬಂದರೆ ಅವನ ಹೆಸರಿಗೇ ಬರುತ್ತಿತ್ತು. ಅವಳು ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳೇ ಇರಬೇಕು, ಆದರೂ ನಾನು ‘ಮಾದಿ’ ಎಂದೇ ಕರೆಯುತ್ತಿದ್ದೆ. ಅವಳು ನನ್ನನ್ನು ‘ಪೋಸ್ಟಪ್ಪಾರೆ’ ಎನ್ನುತ್ತಿದ್ದಳು.

ಈ ಏರ್ಪಾಟು ಕಾರ್ಡಿಗೆ, ಕವರಿಗೆ ಸರಿಹೋಗುತ್ತಿತ್ತು. ರಿಜಿಸ್ಟರ್ ಕಾಗದಕ್ಕೆ ಹೋಗುತ್ತಿರಲಿಲ್ಲ. ರಿಜಿಸ್ಟರ್ ಎಂದರೆ ವಿಳಾಸದವನ ಕೈಗೇ ಕೊಡಬೇಕು. ಓದು ಬರದವನಾದರೆ ಹೆಬ್ಬೆಟ್ಟು ಒತ್ತಿಸಬೇಕು, ಆ ಹೆಬ್ಬೆಟ್ಟಿಗೆ ಸಾಕ್ಷಿಯೊಬ್ಬನ ಸಹಿ ಬೇಕು. ಏಳು ದಿನದೊಳಗೆ ಇದೆಲ್ಲ ಆಗಬೇಕು. ಆಗದಿದ್ದರೆ ವಾಪಸ್. ವಾಪಸಿಗೆ ಕಾರಣ ಬರೆಯಬೇಕು. ‘ಬಾಗಿಲು ಹಾಕಿದೆ’ ಎಂದು ಬರೆದರೆ ಮತ್ತೆ ಹೋಗಬೇಕು, ಚೀಟಿ ಅಂಟಿಸಬೇಕು, ರಾಮಾಯಣ. ‘ವಾಸವಿಲ್ಲ’ ಎಂದು ಬರೆದುಬಿಟ್ಟರೆ — ಮುಗಿಯಿತು. ಆ ಎರಡು ಮಾತಿನಲ್ಲಿ ಯಾವುದನ್ನು ಬರೆದರೆ ನನಗೆ ನಡೆಯುವುದು ಉಳಿಯುತ್ತದೆ ಎನ್ನುವುದನ್ನು ಬಿಟ್ಟು ಬೇರೇನೂ ನಾನು ಯೋಚಿಸಲಿಲ್ಲ. ಯೋಚಿಸಿದ್ದೆನೋ? ಇಲ್ಲ ಅನ್ನಿಸುತ್ತದೆ. ಇಷ್ಟು ವರ್ಷದ ಮೇಲೆ ಆಗಿನ ನನ್ನ ತಲೆಯೊಳಗೆ ಕೈಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ.

ಮೂರು ಲಕೋಟೆಗಳೂ ಒಂದೇ ವರ್ಷದಲ್ಲಿ ಬಂದವು, ಈಗ್ಗೆ ಇಪ್ಪತ್ತೆರಡು ವರ್ಷದ ಮಾತು. ಕಾಡಿನ ಇಲಾಖೆಯವರು ಜಡೆಮಾದನ ಹೆಸರಿಗೆ ಕಳಿಸಿದವು. ಒಳಗೆ ಏನಿತ್ತು ಎಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಆಮೇಲೆ — ‘ನೀವು ಕಾಡಿನೊಳಗೆ ಗುಡಿಸಲು ಹಾಕಿಕೊಂಡು ವಾಸವಿದ್ದೀರಿ, ಯಾಕೆ ತೆರವು ಮಾಡಬಾರದು, ಉತ್ತರ ಕೊಡಿ’ ಎಂಬ ನೋಟೀಸು. ನೋಡಿ, ಎಂಥ ಕಾಗದ ಅದು! ಅವರು ಅಲ್ಲಿ ವಾಸವಿದ್ದಾರೆ ಎಂದು ಸರ್ಕಾರವೇ ಮೊಹರು ಹಾಕಿ ಬರೆದುಕೊಟ್ಟ ಕಾಗದ. ಅದು ಜಡೆಮಾದನ ಕೈಸೇರಿ, ಅವನ ಗುಡಿಸಲಿನ ಸೂರಿನಲ್ಲಿ ಸಿಕ್ಕಿಸಿಕೊಂಡು ಉಳಿದಿದ್ದರೆ ಸಾಕಿತ್ತು. ಅದರ ಮೇಲೆ ನಾನು, ಕೆಂಪು ಶಾಯಿಯಲ್ಲಿ, ಯಾರೂ ಇಲ್ಲ ಎಂದು ಬರೆದು ಹಿಂದಕ್ಕೆ ಕಳಿಸಿದೆ. ಥೂ ನನ್ನ ಜನ್ಮಕ್ಕಿಷ್ಟು.

ಅದಾಗಿ ಮೂರು ವರ್ಷಕ್ಕೆ ದೊಡ್ಡಿಯನ್ನು ಕಿತ್ತರು. ಉತ್ತರ ಬರಲಿಲ್ಲ, ಯಾರೂ ಇಲ್ಲ ಎಂದು ಅಂಚೆಯವರೇ ಹೇಳಿದ್ದಾರೆ, ಇರುವವರು ನಿನ್ನೆ ಮೊನ್ನೆ ಬಂದು ಸೇರಿಕೊಂಡವರು — ಹೀಗೆ ಲೆಕ್ಕ. ಮಾದಮ್ಮ, ಜಡೆಮಾದ, ಅವರ ಬಂಧುಗಳೆಲ್ಲ ಪಾತ್ರೆ ಪಗಡ, ಕೋಳಿ, ಮಕ್ಕಳನ್ನು ಎತ್ತಿಕೊಂಡು ನಮ್ಮೂರ ಹೊರಗೆ ರಸ್ತೆಯ ಪಕ್ಕ ಬಂದು ಕೂತರು. ತಗಡು, ಪ್ಲಾಸ್ಟಿಕ್ಕು ಹೊದಿಸಿದ ಸಾಲುಮನೆ. ಈಗಲೂ ಅಲ್ಲೇ ಇದ್ದಾರೆ. ಆಗ ನನಗೆ ಒಳಗೊಳಗೆ ಸಮಾಧಾನವೇ ಆಗಿತ್ತು. ಇನ್ನು ಇವರ ಕಾಗದಕ್ಕೆ ಸಂತೆ ಕಾಯುವ ಹಾಗಿಲ್ಲ, ಸೈಕಲ್ಲಿನಿಂದ ಇಳಿಯದೆ ಕೊಡಬಹುದು, ಎಂದು.

ಆಮೇಲೆ ಕಾನೂನು ಬಂತು. ದಿಲ್ಲಿಯಲ್ಲಿ ಪಾಸಾದ ಕಾನೂನು. ಕಾಡಿನಲ್ಲಿ ತಲೆತಲಾಂತರದಿಂದ ಇದ್ದ ಜನಕ್ಕೆ ಆ ನೆಲದ ಮೇಲೆ ಹಕ್ಕುಪತ್ರ ಕೊಡಬೇಕು, ಇಷ್ಟು ದಿನ ಅವರಿಗೆ ಆದದ್ದು ಅನ್ಯಾಯ ಎಂದು ಕಾನೂನಿನ ಮೊದಲಲ್ಲೇ ಬರೆದಿದೆಯಂತೆ. ಗ್ರಾಮಸಭೆ ಮಾಡಿ ಅರ್ಜಿ ತೆಗೆದುಕೊಂಡರು. ಅಷ್ಟರಲ್ಲಿ ಜಡೆಮಾದ ಕಾಹಿಲೆ ಬಿದ್ದಿದ್ದ. ಅರ್ಜಿಗೆ ಹೆಬ್ಬೆಟ್ಟು ಒತ್ತಿ ಆರು ತಿಂಗಳಿಗೆ ಸತ್ತ. ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿ ಅಂದಿದ್ದನಂತೆ. ಕಾಡಿನೊಳಗೆ ಹೆಣ ಒಯ್ಯಲು ಗೇಟಿನಲ್ಲಿ ಬಿಡಲಿಲ್ಲ. ನಾಲೆಯ ಏರಿಯ ಪಕ್ಕ ಗುಂಡಿ ತೋಡಿದರು. ಆ ದಿನ ನಾನು ಅದೇ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಹೋದೆ, ನಿಲ್ಲಲಿಲ್ಲ. ಚೀಲದಲ್ಲಿ ಕಾಗದ ತುಂಬ ಇತ್ತು ಎಂದು ನೆನಪು. ಇರಲಿಲ್ಲವೇನೋ.

ಅರ್ಜಿಗೆ ಎರಡು ಬಗೆಯ ಸಾಕ್ಷಿ ಬೇಕಿತ್ತು. ಕಾನೂನು ಗೊತ್ತುಮಾಡಿದ ದಿನಕ್ಕೆ ಮುಂಚೆ ಆ ಜಾಗದಲ್ಲಿ ಇದ್ದೆವು ಎಂದು ತೋರಿಸಬೇಕು. ಅವರ ರೇಷನ್ ಕಾರ್ಡು ನಮ್ಮೂರ ವಿಳಾಸಕ್ಕಿತ್ತು, ಸೊಸೈಟಿ ಇರುವುದು ಇಲ್ಲಿ ತಾನೆ. ‘ನೋಡಿ, ಇವರು ಮೊದಲಿಂದಲೂ ಊರಿನವರೇ’ ಎಂದರು ಇಲಾಖೆಯವರು. ಗೋರಿಗಳಿವೆ, ಬಂದು ನೋಡಿ ಎಂದಳು ಮಾದಮ್ಮ. ಗೋರಿ ಯಾರದ್ದು ಎಂದು ಹೇಗೆ ಹೇಳುವುದು ಎಂದರು. ಕೊನೆಗೆ ಮಾದಮ್ಮ ನನ್ನ ಹೆಸರು ಹೇಳಿದಳು. ‘ಪೋಸ್ಟಪ್ಪಾರು ಸರ್ಕಾರದೋರು. ನಮ್ ಕಾಗ್ದ ಅವ್ರೇ ಕೊಡ್ತಿದ್ದುದ್ದು. ಅವ್ರುನ್ನ ಕೇಳಿ’ ಎಂದಳಂತೆ. ಇಲಾಖೆಯವರೂ ನನ್ನ ಹೆಸರನ್ನೇ ಹೇಳಿದರು — ಅವರ ಫೈಲಿನಲ್ಲಿ ಆ ಮೂರು ಲಕೋಟೆ ಇದ್ದವು. ಎರಡು ಕಡೆಯವರಿಗೂ ನಾನೊಬ್ಬನೇ ಸಾಕ್ಷಿ.

ಮಳವಳ್ಳಿಯ ಕಚೇರಿಯಲ್ಲಿ ವಿಚಾರಣೆ. ನಾನು ಖಾಕಿ ಹಾಕಿಕೊಂಡು ಹೋಗಿದ್ದೆ, ಇಸ್ತ್ರಿ ಮಾಡಿಸಿ. ಬಸ್ಸಿನಲ್ಲಿ ಹೋಗುವಾಗ ನಿಜ ಹೇಳಬೇಕೆಂದೇ ಇದ್ದೆ — ಹಾಗೆಂದುಕೊಂಡಿದ್ದೇನೆ. ಮಾದಮ್ಮ ಅದೇ ಬಸ್ಸಿನಲ್ಲಿ ಹಿಂದುಗಡೆ ನಿಂತಿದ್ದಳು. ನನ್ನ ಕಡೆ ನೋಡಿ ಒಮ್ಮೆ ನಕ್ಕಳು. ನಾನಿದ್ದೇನೆ ಎಂಬ ಧೈರ್ಯದ ನಗು ಅದು.

ಅಧಿಕಾರಿ ಚಿಕ್ಕ ವಯಸ್ಸಿನವರು, ಒರಟರಲ್ಲ. ಲಕೋಟೆ ತಿರುಗಿಸಿ ತೋರಿಸಿದರು. “ಈ ಬರವಣಿಗೆ ನಿಮ್ಮದೇನಾ?”

“ಹೌದು ಸಾರ್.”

“ಹೋಗಿ ನೋಡಿ ಬರೆದದ್ದೋ, ಇಲ್ಲಾ ಕೂತಲ್ಲೇ ಬರೆದದ್ದೋ?”

ಅವರ ಮಾತಿನಲ್ಲಿ ಬೆದರಿಕೆ ಇರಲಿಲ್ಲ. ತಮಾಷೆ ಇತ್ತೇನೋ. ಆದರೆ ಆ ವರ್ಷವೇ ಪಕ್ಕದ ಹೋಬಳಿಯಲ್ಲಿ ಒಬ್ಬ ನನ್ನಂಥವನು, ಕೊಡದ ಕಾಗದವನ್ನು ಕೊಟ್ಟೆ ಎಂದು ಬರೆದು ಕೆಲಸ ಕಳೆದುಕೊಂಡಿದ್ದ. ನನಗೆ ಅವನ ಮುಖ ಕಣ್ಣಮುಂದೆ ಬಂತು. ನನ್ನ ಇಬ್ಬರು ಹೆಣ್ಣುಮಕ್ಕಳು ಬಂದರು. ಊರು ಬಂತು — ‘ಒಂದ್ ಕಾರ್ಡೂ ಕಳ್ದಿಲ್ಲ’ ಎನ್ನುವ ಊರು. ಇಷ್ಟೆಲ್ಲ ಬಂದವು, ಇಲ್ಲವೇ ಇದೆಲ್ಲ ನಾನು ಈಗ ಸೇರಿಸುತ್ತಿರುವುದು. ಬಾಯಿ ಮಾತ್ರ ಆಗಲೇ ಆಡಿಬಿಟ್ಟಿತ್ತು.

“ಓಗಿದ್ದೆ ಸಾರ್. ಯಾರೂ ಇರ್ನಿಲ್ಲ.”

ಗುಮಾಸ್ತ ಬರೆದುಕೊಂಡ. ಅಷ್ಟೇ. ಆಮೇಲೆ ಅಲ್ಲಿ ಯಾರು ಏನು ಮಾತಾಡಿದರೋ ನನ್ನ ಕಿವಿಗೆ ಬೀಳಲಿಲ್ಲ. ಹೊರಗೆ ಬಂದು ಕಬ್ಬಿನ ಹಾಲು ಕುಡಿದೆ. ಬರುವಾಗ ಬೇರೆ ಬಸ್ಸು ಹತ್ತಿದೆ. ಅರ್ಜಿ ತಿರಸ್ಕಾರವಾಯಿತು ಎಂಬ ಕಾಗದ ರಿಜಿಸ್ಟರಿನಲ್ಲಿ ಬಂತು. ಅದನ್ನು ಮಾದಮ್ಮನ ಕೈಗೇ ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು, ಸಾಕ್ಷಿಗೆ ಪಕ್ಕದ ಮನೆಯವನ ಸಹಿ ಹಾಕಿಸಿಕೊಂಡು, ಎಲ್ಲ ಕ್ರಮವಾಗಿ ಮಾಡಿದೆ. ಆ ಒಂದು ಕಾಗದ ಮಾತ್ರ ಬಂದ ದಿನವೇ ತಲುಪಿತು.

ಅವಳು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬೈಯಲಿಲ್ಲ. ಬೈದಿದ್ದರೆ ನಾನೂ ಬೈಯಬಹುದಿತ್ತು.

ಇಲ್ಲಿ ಒಂದು ವಿಚಿತ್ರ ಹೇಳಬೇಕು, ನಂಬುತ್ತೀರೋ ಇಲ್ಲವೋ. ಆ ಹೇಳಿಕೆ ಕೊಟ್ಟ ಮೇಲೆ ಊರಿನಲ್ಲಿ ಹತ್ತಾರು ಜನ ನನ್ನನ್ನು ಕೇಳಿದರು, ‘ಓಗಿದ್ಯಾ ನಿಜ್ವಾಗ್ಲೂ?’ ಎಂದು. ಹತ್ತಾರು ಸಲ ಹೇಳಿದೆ — ಹೋಗಿದ್ದೆ, ದಿಣ್ಣೆ ಹತ್ತಿದೆ, ಗುಡಿಸಲು ಖಾಲಿ ಬಿದ್ದಿದ್ದವು, ಒಂದರ ಬಾಗಿಲಲ್ಲಿ ಹಳೇ ಮೊರ ಬಿದ್ದಿತ್ತು. ಪ್ರತಿ ಸಲ ಒಂದೊಂದು ಸೇರಿಸಿದೆ. ಈಗ ಏನಾಗಿದೆ ಎಂದರೆ, ಕಣ್ಣು ಮುಚ್ಚಿದರೆ ಆ ಖಾಲಿ ದೊಡ್ಡಿ ನನಗೆ ಕಾಣುತ್ತದೆ. ತಣ್ಣಗಾದ ಒಲೆ. ಮುರಿದ ಮೊರ. ಎಂದೂ ನೋಡದ ಜಾಗವನ್ನು ನಾನು ನೋಡಿದ್ದೇನೆ! ಕೆಲವು ದಿನ, ಹೋಗಿಯೇ ಇದ್ದೆನೇನೋ, ಸುಮ್ಮನೆ ನನ್ನನ್ನು ನಾನು ಗೋಳು ಹುಯ್ದುಕೊಳ್ಳುತ್ತಿದ್ದೇನೇನೋ ಎನ್ನಿಸುತ್ತದೆ. ತಲೆ ಕಲಸಿದ ಮುದ್ದೆಯಾಗಿದೆ.

ಇನ್ನೊಂದಿದೆ. ಮೇಲೆ ನಾನು ಸುಳ್ಳು ಬರೆದಿದ್ದೇನೆ. ಮೂರೂ ಲಕೋಟೆಯನ್ನು ಕೂತಲ್ಲೇ ಬರೆದೆ ಎಂದೆನಲ್ಲ — ಬರೆದದ್ದು ಕೂತಲ್ಲೇ, ಆದರೆ ಮೂರನೆಯದಕ್ಕೆ ಮುಂಚೆ ನಾನು ಹೊರಟಿದ್ದೆ. ಪೋಸ್ಟ್ ಮಾಸ್ಟರ್ ಗದರಿದ್ದರು, “ಮೂರ್ನೇ ಸತಿ ಕಣಯ್ಯ ಬಂದಿರೋದು. ಕಾಲಿಗೇನ್ ಸಂಕ್ಲೆ ಆಕವ್ರಾ? ಕೊಟ್ಬುಟ್ ಬಾ” ಎಂದು. ಗೇಟಿನಲ್ಲಿ ಸೈಕಲ್ ಒರಗಿಸಿ ನಡೆದೆ. ಹಳ್ಳದವರೆಗೂ ಹೋದೆ. ಹಳ್ಳದ ಈಚೆ ದಡದಲ್ಲಿ ಆನೆ ಲದ್ದಿ ಬಿದ್ದಿತ್ತು, ಹಸೀದು, ಇನ್ನೂ ಹಬೆಯಾಡುತ್ತಿತ್ತು. ಆ ವರ್ಷ ಪಕ್ಕದೂರಿನಲ್ಲಿ ಒಬ್ಬನನ್ನು ಆನೆ ತುಳಿದಿತ್ತು. ನನ್ನ ಕಾಲು ನಿಂತುಬಿಟ್ಟವು. ಹಾಗೇ ನಿಂತು ಕೇಳಿದೆ.

ಆಚೆಯಿಂದ ಕುಟ್ಟುವ ಸದ್ದು ಬರುತ್ತಿತ್ತು. ಒನಕೆಯ ಸದ್ದು. ಮರಕುಟಿಗನೂ ಇದ್ದೀತು. ಕೋಳಿ ಕೂಗಿತು. ಕಾಡುಕೋಳಿಯೂ ಕೂಗುತ್ತದಲ್ಲ. ನಾಯಿ ಬೊಗಳಿತೋ — ಗೊತ್ತಿಲ್ಲ, ನನ್ನ ಎದೆಯೇ ಅಷ್ಟು ಜೋರಾಗಿ ಬಡಿಯುತ್ತಿತ್ತು. ತಿರುಗಿ ನಡೆದೆ. ಮೊದಲು ನಡೆದೆ, ಆಮೇಲೆ ಓಡಿದೆ. ಅಂಚೆ ಕಚೇರಿಗೆ ಬಂದು, ನೀರು ಕುಡಿದು, ಕೆಂಪು ಪೆನ್ನು ತೆಗೆದುಕೊಂಡೆ. ಆನೆಗೆ ಹೆದರಿದೆ ಎಂದು ಬರೆಯುವುದಕ್ಕೆ ಆ ಫಾರಮ್ಮಿನಲ್ಲಿ ಜಾಗವಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ‘ತಲುಪಿಸಲು ಆಗಲಿಲ್ಲ’ ಎಂದು ಬರೆಯಬಹುದಿತ್ತು. ಅದಕ್ಕೆ ಜಾಗವಿತ್ತು.

ಒನಕೆಯ ಸದ್ದು ಕಿವಿಯಲ್ಲಿ ಇಟ್ಟುಕೊಂಡೇ ಯಾರೂ ವಾಸವಿಲ್ಲ ಎಂದು ಬರೆದೆ. ಅಥವಾ ಮರಕುಟಿಗನ ಸದ್ದು.

ಈಗ ಯಾಕೆ ಹೇಳುತ್ತಿದ್ದೇನೆ? ತಿರಸ್ಕಾರವಾದ ಅರ್ಜಿಗಳನ್ನು ಮತ್ತೆ ನೋಡಬೇಕು ಎಂದು ಮೇಲಿನಿಂದ ಹೇಳಿಕೆ ಬಂದಿದೆಯಂತೆ. ಹೋದ ವಾರ ಸ್ಕೂಲಿನ ಜಗಲಿಯಲ್ಲಿ ಗ್ರಾಮಸಭೆ ನಡೆಯಿತು. ಆತಗೂರು ಕಡೆಯ ಒಬ್ಬ ವಕೀಲೆ, ಇರುಳಿಗರ ಪರವಾಗಿ ಬಂದಿದ್ದಳು. ನನ್ನ ಚಿಕ್ಕ ಮಗಳ ವಯಸ್ಸು. ನಮ್ಮೂರಿನವರು ಗಲಾಟೆ ಎಬ್ಬಿಸಿದರು, “ಅವ್ರಿಗೆ ಪತ್ರ ಕೊಟ್ಬುಟ್ರೆ ನಮ್ ದನ ಎಲ್ ಮೇಯ್ಬೇಕಮ್ಮ? ಸರ್ಕಾರದ್ ಜಾಗ ಸಿಕ್ ಸಿಕ್ಕೋರ್ಗೆಲ್ಲ ದಾನಾನಾ?” ಎಂದು.

ಅವಳು ಸಿಟ್ಟಾಗಲಿಲ್ಲ. “ದಾನ ಅಲ್ಲ ಅಣ್ಣ,” ಎಂದಳು, “ಈ ಕಾನೂನು ಹೊಸದಾಗಿ ಏನನ್ನೂ ಕೊಡೋದಿಲ್ಲ. ಅವರದ್ದನ್ನು ಅವರದ್ದು ಅಂತ ಒಪ್ಕೊಳ್ಳುತ್ತೆ. ಅಷ್ಟು ಒಪ್ಕೊಳ್ಳೋದಕ್ಕೇ ದೇಶಕ್ಕೆ ಇಷ್ಟು ವರ್ಷ ಹಿಡೀತು. ನಿಮ್ಮೂರಿಗೆ ಬರೋ ಹೊತ್ತಿಗೆ ಅದೂ ನಿಂತುಹೋಯ್ತು.”

ಎಲ್ಲಿ ನಿಂತಿತು ಎಂದು ಅವಳು ಹೇಳಲಿಲ್ಲ. ಪಂಚಾಯ್ತಿ ಸೆಕ್ರೆಟರಿ ಹಳೆಯ ಆದೇಶವನ್ನು ಗಟ್ಟಿಯಾಗಿ ಓದಿದ. ‘ಅಂಚೆ ನೌಕರರು ಖುದ್ದಾಗಿ ಸ್ಥಳಕ್ಕೆ ಭೇಟಿ ನೀಡಿದ್ದು, ಅಲ್ಲಿ ಯಾರೂ ವಾಸವಿರಲಿಲ್ಲವೆಂದು ಹೇಳಿಕೆ ನೀಡಿರುವುದರಿಂದ...’ ನನ್ನ ಬಾಯಿಯ ಹಳ್ಳಿ ಮಾತು ಅಲ್ಲಿ ಪಂಚೆ ಉಟ್ಟು ಶಲ್ಯ ಹೊದ್ದು ಕೂತಿತ್ತು. ಸಭೆಯಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ಅದೂ ಎಂಥ ಮರ್ಯಾದೆಯ ನೋಟ! “ನಮ್ ಪೋಸ್ಟಪ್ಪನ್ ಮಾತ್ಗಿಂತ ಸಾಕ್ಷಿ ಬೇಕಾ? ಅವ್ನು ಸುಳ್ ಏಳೋ ಪೈಕೀನೇ ಅಲ್ಲ” ಎಂದ ಒಬ್ಬ. ಮಾದಮ್ಮ ಕಂಬದ ಹಿಂದೆ, ನೆಲದ ಮೇಲೆ ಕೂತಿದ್ದಳು. ತಲೆ ಎಲ್ಲ ಬೆಳ್ಳಗಾಗಿದೆ. ಅವಳು ಮಾತ್ರ ನನ್ನ ಕಡೆ ನೋಡಲಿಲ್ಲ.

ಎದ್ದು ನಿಂತೆ. ನಾನು — ನೀರು ಬೇಕು ಎಂದು ಸನ್ನೆ ಮಾಡಿ ಹೊರಗೆ ಬಂದುಬಿಟ್ಟೆ. ಹೌದು, ಅವತ್ತೂ.

ಮನೆಗೆ ಬಂದು ಹೆಂಡತಿ ಸಾಕಮ್ಮನಿಗೆ ಹೇಳಿದೆ. ಮದುವೆಯಾದ ನಲವತ್ತು ವರ್ಷದಲ್ಲಿ ಅವಳಿಗೆ ಹೇಳದ ಮಾತು ಇದೊಂದೇ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು.

“ಇದುನ್ನ ಒಟ್ಟೇಲಿಟ್ಕಂಡು ಇಷ್ಟ್ ವರ್ಸ ಅದೆಂಗ್ ಮುದ್ದೆ ನುಂಗುದ್ರಿ?” ಎಂದಳು.

“ಕೆಲ್ಸ ಓಯ್ತಿತ್ತು ಕಣೆ...”

“ಕೆಲ್ಸ ಮುಗ್ದು ಅಯ್ದ್ ವರ್ಸ ಆಯ್ತಲ್ಲ. ಈಗ್ಯಾವ್ದು ಓಯ್ತದೆ?”

ಆನೆಗೆ ಹೆದರಿದೆ, ಕೆಲಸಕ್ಕೆ ಹೆದರಿದೆ, ಸರಿ — ಈ ಐದು ವರ್ಷ ಯಾವುದಕ್ಕೆ ಹೆದರಿದೆ? ಊರಿನ ಮರ್ಯಾದೆಗೋ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ, ನನ್ನನ್ನು ಯಾರೂ ಕಳ್ಳ ಎಂದೂ ಅನ್ನಲಿಲ್ಲ. ಅನ್ನದೆ ಬಿಟ್ಟದ್ದೇ ನನಗೆ ಮುಳುವಾಯಿತೋ ಏನೋ. ಆದರೆ ಇದನ್ನೂ ಬೇರೆಯವರ ತಲೆಗೆ ಕಟ್ಟಲು ಹೊರಟಿದ್ದೇನೆ ನೋಡಿ.

ಮಾರನೆಯ ಬೆಳಿಗ್ಗೆ ಮಾದಮ್ಮನ ತಗಡಿನ ಮನೆಗೆ ಹೋದೆ. ರೇಷ್ಮೆ ಸಾಕುವವರ ಮನೆಗೆ ಸೊಪ್ಪು ಕೊಯ್ಯುವ ಕೂಲಿಗೆ ಹೊರಟು ನಿಂತಿದ್ದಳು, ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು. ನನ್ನನ್ನು ಕಂಡು, “ಯಾರ್ದಾರ ಕಾಗ್ದ ಬಂದದಾ?” ಎಂದಳು. ನಾನು ಕೆಲಸ ಬಿಟ್ಟು ಇಷ್ಟು ದಿನವಾಗಿರುವುದು ಅವಳಿಗೆ ಗೊತ್ತು, ಆಡಿಸಲೆಂದೇ ಅಂದದ್ದು. ನಾನು ನಗಲಿಲ್ಲ. ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತು, ತಲೆ ಎತ್ತದೆ ಹೇಳಿದೆ.

“ಮಾದಮ್ಮ, ಆ ಲಕೋಟೆ ಮ್ಯಾಲೆ ಬರ್ದಿದ್ದೆಲ್ಲ ಸುಳ್ಳು ಕಣಮ್ಮ. ಮಳವಳ್ಳೀಲಿ ಏಳ್ದುದ್ದೂ ಸುಳ್ಳು. ನಾ ಬಂದೇ ಇರ್ನಿಲ್ಲ.”

“ಬಂದಿದ್ದೆ” ಎಂದಳು.

ನಾನು ತಲೆ ಎತ್ತಿದೆ.

“ಅಳ್ಳದ್ ಗಂಟ ಬಂದಿದ್ದೆ. ನಾಯಿ ಒಂದೇ ಸಮ್ನೆ ಬೊಗಳ್ತು. ಯಾರಪ್ಪ ಅಂತ ರಾಗಿ ಕುಟ್ಟಾದ್ ಬುಟ್ಟು ದಿಣ್ಣೆ ಇಳ್ದು ನೋಡ್ತೀನಿ, ನಿನ್ ಬೆನ್ನು. ಬೆನ್ ಮ್ಯಾಲೆ ಚೀಲ. ‘ಪೋಸ್ಟಪ್ಪೋ’ ಅಂತ ಕೂಗ್ದೆ. ಎಲ್ಡ್ ಸತಿ ಕೂಗ್ದೆ. ನೀನು ಬಿರಬಿರ್ನೆ ಓಯ್ತಾನೇ ಇದ್ದೆ.”

ಹಾಗಾದರೆ ಅದು ಒನಕೆಯೇ. ಮರಕುಟಿಗನಲ್ಲ. ಇಪ್ಪತ್ತೆರಡು ವರ್ಷ ಹಿಡಿದುಕೊಂಡು ನೇತಾಡಿದ ಒಂದು ಹಕ್ಕಿ — ಅದೂ ಹೋಯಿತು.

“ಮತ್ತೆ ಯಾಕಮ್ಮ ಏಳ್ನಿಲ್ಲ? ಅವತ್ತು ಮಳವಳ್ಳೀಲಿ, ಅಧಿಕಾರಿ ಮುಂದೆ ಏಳ್ಬೋದಾಗಿತ್ತಲ್ಲ...”

ಮಾದಮ್ಮನಿಗೆ ಆಗ ಸಿಟ್ಟು ಬಂತು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಏಳ್ನಿಲ್ವಾ? ನಿನ್ ಪಕ್ಕ್ದಲ್ಲೇ ನಿಂತ್ಕಂಡ್ ಏಳ್ದೆ! ‘ಬಂದಿದ್ದ ಸಾಮಿ, ಆದ್ರೆ ಅಳ್ಳ ದಾಟ್ನಿಲ್ಲ, ನಾ ಅವ್ನ್ ಬೆನ್ನ ನೋಡಿವ್ನಿ’ ಅಂದೆ. ಯಾರ್ ಬರ್ಕಂಡ್ರು? ನೀ ಬಾಯ್ ಮುಚ್ಚುದ್ ತಕ್ಷಣ ಆ ಬರ್ಯೋನು ಪೆನ್ ಮುಚ್ಚಿ ಜೇಬ್ಗೆ ಆಕ್ಬುಟ್ಟಿದ್ದ. ನೀ ಕೇಳುಸ್ಕಂಡ್ಯಾ?”

ನಾನು ಕೇಳಿಸಿಕೊಂಡಿರಲಿಲ್ಲ. ಒಂದು ಮೊಳ ದೂರದಲ್ಲಿ ನಿಂತಿದ್ದೆ, ಕೇಳಿಸಿಕೊಂಡಿರಲಿಲ್ಲ. ಅವಳು ಅಂದೂ ಬಾಯಿ ಮುಚ್ಚಿಕೊಂಡು ಕೂತಿದ್ದಳು ಎಂದೇ ಇಷ್ಟು ವರ್ಷ ನಾನು ಅಂದುಕೊಂಡಿದ್ದದ್ದು. ಬೈಯಲಿಲ್ಲ, ಕೇಳಲಿಲ್ಲ, ಪಾಪ, ಒಳ್ಳೆಯವಳು — ಹೀಗೆ. ಅವಳ ಮೌನವನ್ನೂ ನಾನೇ ಬರೆದು ಅವಳ ಮೇಲೆ ಅಂಟಿಸಿದ್ದೆ. ನನ್ನ ಕಣ್ಣಲ್ಲಿ ನೀರು ಬಂತು. ಕಾಲಿಗೆ ಬೀಳಲು ಬಗ್ಗಿದೆ. ಅವಳು ಹಿಂದಕ್ಕೆ ಸರಿದಳು.

“ಅಳಾದು ಆಮೇಲ್ ಅಳೀವಂತೆ. ಪೆನ್ನದಾ?”

ಇತ್ತು. ಅಭ್ಯಾಸ, ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಮೊಮ್ಮಗಳ ನೋಟ್‌ಬುಕ್ಕಿನಿಂದ ಎರಡು ಹಾಳೆ ಹರಿದು ತಂದು ಮುಂದಿಟ್ಟಳು. ಹಿರಿಯರೊಬ್ಬರು ಬರೆದುಕೊಟ್ಟ ಹೇಳಿಕೆಯೂ ಸಾಕ್ಷಿಯಾಗುತ್ತದೆ ಎಂದು ವಕೀಲೆ ಅವಳಿಗೆ ಹೇಳಿದ್ದಾಳೆ. ‘ನಾ ಏಳ್ದಂಗ್ ಬರಿ’ ಎಂದು ನಿಂತಳು. ಕೂಲಿಗೆ ಹೊತ್ತಾದರೂ ಅವಳು ಕದಲಲಿಲ್ಲ.

ಬರೆದೆ. ಸಂತೆಯಲ್ಲಿ ಕಾಗದ ಕೊಡುತ್ತಿದ್ದದ್ದನ್ನು ಬರೆದೆ. ಹನ್ನೆರಡು ಗುಡಿಸಲಿನ ಯಜಮಾನರ ಹೆಸರನ್ನು ಅವಳು ಹೇಳಿದಳು, ಬರೆದೆ. ಎಲ್ಲವೂ ನನಗೆ ಗೊತ್ತಿದ್ದ ಹೆಸರುಗಳೇ, ನನ್ನ ಕೈಯಿಂದಲೇ ಕಾಗದ ಪಡೆದವರು. ಮೊದಲ ಎರಡು ಲಕೋಟೆಗೆ ಹೋಗಲೇ ಇಲ್ಲ ಎಂದು ಬರೆದೆ. ಮೂರನೆಯದಕ್ಕೆ ಹಳ್ಳದವರೆಗೆ ಹೋದದ್ದು, ಒನಕೆಯ ಸದ್ದು ಕೇಳಿದ್ದು, ಆನೆಗೆ ಹೆದರಿ ತಿರುಗಿದ್ದು ಬರೆದೆ. ಮಾದಮ್ಮ ಎರಡು ಸಲ ಕೂಗಿದಳು ಎಂದು ಬರೆದು, ಪೆನ್ನು ನಿಲ್ಲಿಸಿದೆ.

“ಕೂಗಿದ್ದು ನಂಗೆ ಕೇಳುಸ್ನಿಲ್ಲ ಅಂತ ಬರೀಲಾ?”

“ಕೇಳುಸ್ತು ಅಂತ ಬರಿ.”

“ಮಾದಮ್ಮ, ಆಣೆಗೂ ನಂಗೆ ನೆಪ್ಪಿಲ್ಲ ಕಣಮ್ಮ. ಎದೆ ಒಡ್ಕತಾ ಇತ್ತು...”

“ನಡ್ಕಂಡ್ ಓಯ್ತಿದ್ದೋನು ನಾ ಕೂಗುದ್ ಮ್ಯಾಲೆ ಓಡ್ದೆ. ಅದು ನಂಗ್ ನೆಪ್ಪದೆ. ಬರಿ.”

ಕೇಳಿಸಿತು ಎಂದು ಬರೆದೆ. ಕೇಳಿಸಿತ್ತೋ ಇಲ್ಲವೋ — ಈ ಕ್ಷಣಕ್ಕೂ ನನಗೆ ತಿಳಿಯದು. ಕಣ್ಣಾರೆ ಕಂಡವಳು ಅವಳು, ಕಾಣದೆ ಬರೆದವನು ನಾನು, ಇನ್ನು ನನ್ನ ನೆನಪನ್ನು ನಂಬಿ ಯಾರಿಗೆ ಏನಾಗಬೇಕಾಗಿದೆ. ಕೆಳಗೆ ಹೆಸರು, ಊರು, ಸಹಿ ಹಾಕಿದೆ. ಅವಳು ಹಾಳೆಯನ್ನು ಮಡಿಸಿ ತನ್ನ ಕೈಯಲ್ಲೇ ಇಟ್ಟುಕೊಂಡಳು.

ಇದರಿಂದ ಅವರಿಗೆ ನೆಲ ಸಿಗುತ್ತದೋ ಇಲ್ಲವೋ ವಕೀಲೆಗೂ ಗೊತ್ತಿಲ್ಲ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ನನ್ನ ಮೇಲೆ ಏನು ಬರುತ್ತದೋ, ಬರಲಿ. ಸೋಮವಾರ ಮಳವಳ್ಳಿಗೆ ಹೋಗಿ ಕಚೇರಿಯಲ್ಲಿ ಕೊಡಬೇಕು. ನಾನೇ ಹೋಗಿ ಕೊಟ್ಟು ಬರುತ್ತೇನೆ, ನಿನಗೆ ಒಂದು ದಿನದ ಕೂಲಿ ಯಾಕೆ ತಪ್ಪಬೇಕು ಎಂದೆ. ಮಾದಮ್ಮ ಕುಡುಗೋಲನ್ನು ಸೊಂಟಕ್ಕೆ ಸರಿಯಾಗಿ ಸಿಕ್ಕಿಸಿಕೊಂಡಳು.

“ನಿನ್ ಕೈಗ್ ಕಾಗ್ದ ಕೊಟ್ಬುಟ್ಟು ನಾ ಮನೇಲ್ ಕುಂತ್ಕಳಾಕಾಯ್ತದಾ?” ಎಂದಳು. “ನಾನೂ ಬತ್ತೀನಿ.”